ಗೋಡೆಯ ಮೇಲಿನ ಓನಾಮ

ಹಾನಗಲ್ಲಿನ ಸೀಮೆಯಲ್ಲಾಗಲಿ ಹಿರೇಕೆರೂರಿನ ಸೀಮೆಯಲ್ಲಾಗಲಿ, ಒಂದು ಮನೆಯಲ್ಲಿ ಎರಡು ವರುಷ ತುಂಬಿದ ಕೂಸು ಇರುವದೋ ಇಲ್ಲವೋ ಎಂಬುದನ್ನು ತಿಳಿಯುವದಕ್ಕೆ ಮನೆಯ ಯಜಮಾನರನ್ನು ವಿಚಾರಿಸಬೇಕಾದ ಕಾರಣವಿಲ್ಲ. ಪಡಸಾಲೆಯ ಗೋಡೆಯನ್ನು ನೆಲದಿಂದ ಎರಡು ಮೊಳದೆತ್ತರದವರೆಗೆ ಒಮ್ಮೆ ಅವಲೋಕಿಸಿದರೆ ಸಾಕು. ಇದ್ದಿಲು, ಬಳಪ, ಖಡು, ಅಕ್ಕನ ಪಾಟೀಚೀಲದಿಂದ ಅಪಹರಿಸಿದ ಪೆನ್ಸಿಲ್ಲು, ಅಷ್ಟೇ ಏಕೆ, ಅಂಬಲಿಯಲ್ಲಿ ಅದ್ದಿದ ತೋರುಬೆರಳು ಕೂಡ ಅಲ್ಲಿ ತನ್ನ ಪ್ರಭಾವವನ್ನು ಬೀರಿರುತ್ತದೆ. ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಈ ರೇಖಾಜಾಲವು ಪಟ್ಟಿಪಟ್ಟಿಯಾಗಿ ಮೇಲೇರಿರುವದನ್ನೂ, ಎಲ್ಲಕ್ಕಿಂತ ಕೆಳಗಿನ ಪಟ್ಟಿಯಲ್ಲಿ ಬರಿಯ ಗೀಚುಗಳೂ, ಅದರ ಮೇಲೆ ಸೊನ್ನೆಗಳೂ, ಅದರ ಮೇಲೆ ಮನುಷ್ಯರೂ ಎತ್ತುಗಳೂ, ಕಟ್ಟಕಡೆಗೆ ಕೈಗೆಟಕುವಷ್ಟು ಎತ್ತರದಲ್ಲಿ ವಕ್ರವಕ್ರವಾದ ಅಕ್ಷರಗಳೂ ವಾಸವಾಗಿರುವದನ್ನೂ ಕಾಣಬಹುದು.

ಇಟಲಿಯ ಬೊಲೋನ್ಯಾ ನಗರದಲ್ಲಿ ಕೊರ್ರಾದೊ ರಿಚ್ಚಿ ಎಂಬ ಕಲಾವಿದ್ವಾಂಸನು ಒಂದು ದಿನ ಮಳೆಗಂಜಿ ಕಮಾನಿನ ಮೊಗಸಾಲೆಯೊಂದರಲ್ಲಿ ಆಶ್ರಯ ಪಡೆದಾಗ, ಅಲ್ಲಿಯ ಗೋಡೆಯ ಮೇಲೆ ಇದೇ ಕ್ರಮವನ್ನು ಕಂಡು ಕುತೂಹಲಗೊಂಡನಂತೆ; ಕೆಳಗಿನವು ಚಿಕ್ಕವರ ಚಿತ್ರಗಳು, ಮೇಲಿನವು ದೊಡ್ಡವರವು. ಆ ಕುತೂಹಲದ ಫಲವಾಗಿ 1887ರಲ್ಲಿ ಅವನು ಪ್ರಕಟಿಸಿದ ಹೊತ್ತಗೆಯು ಮಕ್ಕಳ ಚಿತ್ರಕಲೆಯನ್ನು ಕುರಿತು ಹುಟ್ಟಿದ ಮೊದಮೊದಲ ಗ್ರಂಥಗಳಲ್ಲಿ ಒಂದು. ಮಳೆ ಬಂದಾಗ ನಮ್ಮ ಊರುಗಳ ಜನರೂ ಪಡಸಾಲೆಯಲ್ಲಿಯೇ ಕುಳಿತಿರುತ್ತಾರೆ. ಆದರೆ ಅವರ ದೃಷ್ಟಿ ಗೋಡೆಯ ಮೇಲೆ ಬೀಳುವದು ಅದು ಸೋರುತ್ತಿದೆಯೇ ಎಂದು ನೋಡುವದಕ್ಕೆ ಮಾತ್ರ.

ಗೋಡೆ ಕೆಡಿಸಿದ ಅಪರಾಧಕ್ಕೆ ನಮ್ಮ ಮನೆಗಳಲ್ಲಿ ವಿಧಿಸುವ ದಂಡವೇನೂ ಘೋರವಲ್ಲ. ತಂದೆ ಗದರಿಸುತ್ತಾನೆ, ತಾಯಿ ಹಸಿ ಅರಿವೆಯಿಂದ ಒರಸುತ್ತಾಳೆ, "ಇರ್ಲಿ ಬಿಡೋ, ಕೂಸಿನ ಕೈ ಸುಮ್ನ ಕುಂದ್ರತೈತೇನು?" ಎಂದು ಅಜ್ಜಿ ಕೂಸಿನ ಪರವಾಗಿ ವಕೀಲಿ ಮಾಡುತ್ತಾಳೆ. ತಾನು ಕೊಂಡ ಪ್ರತಿಯೊಂದು ತಾಟು ತಂಬಿಗೆಯ ಮೇಲೆ ಹೆಸರು ಹಾಕಿಸುವ, ಟ್ರ್ಯಾಕ್ಟರಿನ ಹಿಂಬದಿಗೆ ಮನೆದೇವರ ಹೆಸರನ್ನೂ ಮಕ್ಕಳ ಹೆಸರನ್ನೂ ಬಣ್ಣದಲ್ಲಿ ಬರೆಯಿಸುವ ಆ ತಂದೆಗೆ, ಕಂಡಲ್ಲೆಲ್ಲ ತನ್ನ ಗುರುತನ್ನು ಮೂಡಿಸಬೇಕೆಂಬ ಹಂಬಲವು ಮಗನಿಗೆ ಯಾರ ಕಡೆಯಿಂದ ಬಂದಿತೆಂಬುದು ಹೊಳೆಯದಿರುವದು ಮಾತ್ರ ಆಶ್ಚರ್ಯ. ನನ್ನ ವಿನಂತಿಯಿಷ್ಟೇ: ಆ ಗೀಚನ್ನು ಅಕ್ಷರ ಕಲಿಯುವದಕ್ಕೆ ಮುಂಚಿನ ಹಾವಳಿಯೆಂದು ಎಣಿಸದೆ, ಅಕ್ಷರವಿದ್ಯೆಯ ಆರಂಭವೆಂದೇ ಎಣಿಸಬೇಕು. ಮಗುವಿನ ಓನಾಮವು ಶಾಲೆಯಲ್ಲಿ ನಡೆಯುವದಕ್ಕೆ ಮೂರು ನಾಲ್ಕು ವರುಷ ಮೊದಲೇ ಗೋಡೆಯ ಮೇಲೆ ನಡೆದುಹೋಗಿರುತ್ತದೆ.

ಮೊದಲ ಗೀಚು ಭುಜದಿಂದ ಹುಟ್ಟುತ್ತದೆ. ಒಂದೂವರೆ ವರುಷದ ಕೂಸು ಬಳಪವನ್ನು ಮುಷ್ಟಿಯಲ್ಲಿ ಹಿಡಿದು, ಮಣಿಕಟ್ಟನ್ನಾಗಲಿ ಮೊಳಕೈಯನ್ನಾಗಲಿ ಮಣಿಸದೆ, ಇಡೀ ತೋಳನ್ನು ಅತ್ತಿಂದಿತ್ತ ಬೀಸುತ್ತದೆ. ಬೀಸಿದ ತೋಳಿನ ಹಾದಿಯೇ ಅಲ್ಲಿ ರೇಖೆಯಾಗಿ ಉಳಿಯುತ್ತದೆ. ಕೈಯ ಚಲನೆಗೂ ಆ ಕಲೆಗೂ ಕಾರ್ಯಕಾರಣ ಸಂಬಂಧವಿದೆಯೆಂಬ ಅರಿವು ಯಾವ ಕ್ಷಣದಲ್ಲಿ ಅದಕ್ಕೆ ಉಂಟಾಗುವದೋ ಆ ಕ್ಷಣದಿಂದ ಅದರ ಉತ್ಸಾಹಕ್ಕೆ ಮೇರೆಯಿಲ್ಲ. ಕ್ರಮೇಣ ಚಲನೆಯು ಭುಜದಿಂದ ಮೊಳಕೈಗೆ, ಮೊಳಕೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಬೆರಳುಗಳಿಗೆ ಇಳಿದುಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಹಿಡಿತವು ಸಾಮಾನ್ಯವಾಗಿ ನಾಲ್ಕರಿಂದ ಆರು ವರುಷದೊಳಗೆ ಕುದುರುತ್ತದೆ. ಮಣಿಕಟ್ಟಿನಲ್ಲಿರುವ ಎಂಟು ಕಿರುಮೂಳೆಗಳು ಜನನಕಾಲದಲ್ಲಿ ಮೆದುವಾದ ಮೃದ್ವಸ್ಥಿಗಳಾಗಿದ್ದು, ಒಂದಾದ ಮೇಲೊಂದರಂತೆ ಎಲುಬಾಗುತ್ತ ಬಂದು, ಕಡೆಯದು ಗಟ್ಟಿಯಾಗತೊಡಗುವ ಹೊತ್ತಿಗೆ ಬಾಲಕನು ಒಂಬತ್ತು ಹತ್ತು ವರುಷದ ಆಸುಪಾಸಿಗೆ ಬಂದಿರುತ್ತಾನೆಂಬುದನ್ನು ನೆನೆದರೆ, ಮೂರು ವರುಷದ ಕೂಸಿಗೆ ನಾಲ್ಕು ಗೆರೆಯ ಕಾಪಿಪುಸ್ತಕವನ್ನು ಕೊಟ್ಟು "ಗೆರೆ ಬಿಟ್ಟು ಹೋಗಬೇಡ" ಎಂದು ಆಜ್ಞಾಪಿಸುವವರ ಧೈರ್ಯಕ್ಕೆ ಬೆರಗಾಗಬೇಕಾಗುತ್ತದೆ. ಬಿತ್ತುವ ಮುಂಚೆ ಹೊಲವನ್ನು ಹರಗಬೇಕೆಂಬುದನ್ನು ಹಿರೇಕೆರೂರಿನ ಒಕ್ಕಲಿಗನಿಗೆ ಯಾರೂ ಉಪದೇಶಿಸಬೇಕಾಗಿಲ್ಲ. ಗೀಚುವದೂ ಅಂಥದೇ ಹರಗುವಿಕೆ.

ಎರಡು ವರುಷಕ್ಕೆ ನೆಟ್ಟಗೊಂದು ಗೆರೆ, ಮೂರರ ಹೊತ್ತಿಗೆ ತುದಿಗೆ ತುದಿ ಕೂಡಿಸಿದ ಸೊನ್ನೆ, ನಾಲ್ಕಕ್ಕೆ ಅಡ್ಡಗೆರೆಯನ್ನು ನೆಟ್ಟಗೆರೆ ಕತ್ತರಿಸುವ ಆಕೃತಿ, ತರುವಾಯ ಚೌಕ, ಐದರ ಸುಮಾರಿಗೆ ತ್ರಿಕೋನ, ಶಂಕರಪೋಳಿಯ ಆಕಾರವು ಆರು ಏಳಕ್ಕೆ ಮುಂಚೆ ಕೈಗೆ ಹತ್ತುವದಿಲ್ಲ. ಮಕ್ಕಳಲ್ಲಿ ಹಿಂದುಮುಂದಾಗುವದುಂಟು; ಆದರೆ ಕ್ರಮವು ಬೊಲೋನ್ಯಾದಲ್ಲಿಯೂ ಬಂಕಾಪುರದಲ್ಲಿಯೂ ಒಂದೇ. ಈ ಸೋಪಾನಪಂಕ್ತಿಯಲ್ಲಿ ಎಲ್ಲಕ್ಕಿಂತ ಮಹತ್ತ್ವದ ಮೆಟ್ಟಿಲು ಮೂರನೆಯ ವರುಷದ ಆ ಸೊನ್ನೆ. ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಸೇರಬೇಕೆಂಬ ಸಂಕಲ್ಪವಿಲ್ಲದೆ ಸೊನ್ನೆ ಮುಚ್ಚಿಕೊಳ್ಳುವದಿಲ್ಲ. ಮುಚ್ಚಿಕೊಂಡ ಕೂಡಲೇ ಗೋಡೆಯು ಒಳಗು ಹೊರಗು ಎಂದು ಎರಡಾಗುತ್ತದೆ. ಒಳಗೆ ಏನಾದರೂ ಇರಲೇಬೇಕೆಂದು ಕೂಸಿಗೆ ತೋರುತ್ತದೆ. ಆಗ ಅದು ಎರಡು ಚುಕ್ಕೆಗಳನ್ನಿಟ್ಟು "ಅವ್ವ" ಎಂದು ನಾಮಕರಣ ಮಾಡುತ್ತದೆ. ಗೆರೆಯೊಂದು ಮತ್ತೊಂದು ವಸ್ತುವಿನ ಪ್ರತಿನಿಧಿಯಾಗಿ ನಿಲ್ಲಬಲ್ಲುದೆಂಬ ಈ ಒಪ್ಪಂದವೇ ಸಕಲ ಲಿಪಿಗಳ ಮೂಲ. ಬರವಣಿಗೆಯ ಪೂರ್ವೇತಿಹಾಸವು ಕೂಸಿನ ಸನ್ನೆಯಲ್ಲಿಯೂ ಆಟದಲ್ಲಿಯೂ ಚಿತ್ರದಲ್ಲಿಯೂ ಇದೆಯೆಂದು ರಷ್ಯದ ಮನಶ್ಶಾಸ್ತ್ರಜ್ಞ ವೈಗೊಟ್‌ಸ್ಕಿ ಪ್ರತಿಪಾದಿಸಿದ್ದು ಇದೇ ಕಾರಣಕ್ಕಾಗಿ.

ಹೀಗೆ ಹುಟ್ಟಿದ ಅವ್ವನಿಗೆ ಬಹುಕಾಲದವರೆಗೆ ಹೊಟ್ಟೆಯಿರುವದಿಲ್ಲ. ತಲೆಯಿಂದಲೇ ಕಾಲುಗಳು ಇಳಿದಿರುತ್ತವೆ, ಕೆಲವೊಮ್ಮೆ ಕಿವಿಯ ಸ್ಥಾನದಿಂದ ಕೈಗಳು ಹೊರಟಿರುತ್ತವೆ. ಜಗತ್ತಿನ ಬಹುಪಾಲು ದೇಶಗಳ ಮಕ್ಕಳು ಮೂರು ನಾಲ್ಕನೆಯ ವರುಷದಲ್ಲಿ ಇಂಥದೇ ಮನುಷ್ಯನನ್ನು ಸೃಷ್ಟಿಸುತ್ತಾರೆ. ಫ್ರಾನ್ಸಿನ ಲ್ಯೂಕೆ ಎಂಬ ಪಂಡಿತನು 1927ರಲ್ಲಿ ಬರೆದ ಗ್ರಂಥದಲ್ಲಿ ಇದರ ಮರ್ಮವನ್ನು ಬಿಡಿಸಿದ್ದಾನೆ: ಮಗು ಕಂಡುದನ್ನು ಬರೆಯುವದಿಲ್ಲ, ಬಲ್ಲುದನ್ನು ಬರೆಯುತ್ತದೆ. ಬಸ್ಸಿನ ಚಿತ್ರವನ್ನು ಬರೆದರೆ ತಗಡಿನ ಮೈಯನ್ನು ಲೆಕ್ಕಿಸದೆ ಒಳಗೆ ಕುಳಿತವರನ್ನು ನಖಶಿಖಾಂತವಾಗಿ, ಡ್ರೈವರನ ಚಪ್ಪಲಿಯ ಸಮೇತ, ತೋರಿಸುತ್ತದೆ. ಚಕ್ಕಡಿಗೆ ಎರಡು ಗಾಲಿಗಳಿರುವದರಿಂದ ಎರಡನ್ನೂ ಮಗ್ಗುಲು ಮಗ್ಗುಲಾಗಿ ಬಿಡಿಸುತ್ತದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ನಮ್ಮ ಹಳ್ಳಿಯ ಬಾಳುವೆಯ ದೃಶ್ಯಗಳೆಲ್ಲ ಜೀವ ತುಂಬಿದಂತೆ ನಿಂತಿವೆ. ಹತ್ತಿರ ಹೋಗಿ ಮುಟ್ಟಿ ನೋಡಿದ ಹೊರತು ಅಲ್ಲಿಯ ಎತ್ತು ನಿಜವಾದುದಲ್ಲವೆಂದು ತಿಳಿಯದು. ಅದನ್ನೆಲ್ಲ ಸುತ್ತಾಡಿ ನೋಡಿಬಂದ ಐದು ವರುಷದ ಹುಡುಗನಿಗೆ ಎತ್ತಿನ ಚಿತ್ರ ಬರೆಯಲು ಹೇಳಿರಿ: ಮೈಯನ್ನು ಮಗ್ಗುಲಿನಿಂದಲೂ ಮೋರೆಯನ್ನು ಎದುರಿನಿಂದಲೂ ತೋರಿಸಿ, ಎರಡು ಕೋಡುಗಳನ್ನೂ ನಾಲ್ಕು ಕಾಲುಗಳನ್ನೂ ಎಣಿಸಿ ಒಪ್ಪಿಸುತ್ತಾನೆ. ಅವನ ಲೆಕ್ಕದಲ್ಲಿ ಒಂದು ಕಾಲು ಮರೆಯಾಗಿದೆಯೆಂದರೆ ಎತ್ತು ಕುಂಟಾಯಿತೆಂದೇ ಅರ್ಥ.

ಇದನ್ನು ಅಜ್ಞಾನವೆಂದು ನಗುವವರು ಹಾನಗಲ್ಲಿಗೆ ಹೋಗಿ ಬರಬೇಕು. ತಾರಕೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಕಲ್ಲಿನ ತಾವರೆಯನ್ನು ಅಷ್ಟು ಸೂಕ್ಷ್ಮವಾಗಿ ಅರಳಿಸಬಲ್ಲ ಶಿಲ್ಪಿಗಳು ಇದ್ದ ಈ ಸೀಮೆಯಲ್ಲಿಯೇ ವೀರಗಲ್ಲುಗಳನ್ನೂ ಕಡೆದಿದ್ದಾರೆ. ಆ ಕಲ್ಲುಗಳ ಕೆಳಗಿನ ಅಂಕಣದಲ್ಲಿ ವೀರನು ಹೋರಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ, ಮೇಲಿನದರಲ್ಲಿ ಅವನು ಶಿವಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಒಬ್ಬನೇ ಮನುಷ್ಯನು ಒಂದೇ ಕಲ್ಲಿನಲ್ಲಿ ಮೂರು ಸಲ. ಅನೇಕ ಕಲ್ಲುಗಳಲ್ಲಿ ಅವನು ತನ್ನ ವೈರಿಗಳಿಗಿಂತ ದೊಡ್ಡವನಾಗಿಯೂ ಇರುತ್ತಾನೆ. ಜಾತ್ರೆಗೆ ಹೋದುದು, ಜಾತ್ರೆಯಲ್ಲಿ ಬುಗ್ಗೆ ಕೊಂಡದ್ದು, ಬರುವಾಗ ಬುಗ್ಗೆ ಒಡೆದದ್ದು ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು, ತನ್ನನ್ನು ಮೂರು ಸಲ ನಿಲ್ಲಿಸಿ, ಅವ್ವನನ್ನು ಮನೆಗಿಂತ ಎತ್ತರವಾಗಿ ತೋರಿಸುವ ಬಾಲಕಿಯು ಅನುಸರಿಸುವದು ಇದೇ ನ್ಯಾಯವನ್ನು. ಕಣ್ಣಿಗೆ ಕಂಡ ಅಳತೆಗಿಂತ ಹೇಳಬೇಕಾದ ಕಥೆಯು ದೊಡ್ಡದಾದಾಗ ಕಲೆಯು ಹೀಗೆಯೇ ನಡೆದುಕೊಳ್ಳುತ್ತದೆ.

ಸರ್ವಜ್ಞನ ಹೆಸರಿನೊಂದಿಗೆ ಕೂಡಿಕೊಂಡಿರುವ ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿನ ನಿದರ್ಶನವಿದೆ. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಿಲ್ಪಗಳಿವೆ. ಸುಮಾರು 1200ರ ಹೊತ್ತಿನ ದೀರ್ಘಶಾಸನವಿದೆ. ಅದರ ಜೊತೆಗೆ ಈ ಶಿಲ್ಪದಲ್ಲಿ ನಡೆಯುತ್ತಿರುವದು ಏನೆಂಬುದನ್ನು ತಿಳಿಸುವ ಚಿಕ್ಕ ಚಿಕ್ಕ ಕನ್ನಡ ಬರಹಗಳೂ ಇವೆ. ಶಾಸನತಜ್ಞ ಜೆ. ಎಫ್. ಫ್ಲೀಟ್ ಅವನ್ನೆಲ್ಲ ಓದಿ ಪ್ರಕಟಿಸಿದನು. ಚಿತ್ರವಿದ್ದೂ ಶಿಲ್ಪಿಗೆ ಸಮಾಧಾನವಾಗಲಿಲ್ಲ. ನೋಡುವವನು ಬೇರೆ ಯಾರನ್ನೋ ರಾಮಯ್ಯನೆಂದು ಭ್ರಮಿಸಬಾರದೆಂದು ಅಕ್ಷರವನ್ನೂ ಕಂಡರಿಸಿದನು. ನಾಲ್ಕೂವರೆ ಐದರ ಮಗು ತನ್ನ ಚಿತ್ರದ ಕೆಳಗೆ ಗೆರೆಗಳನ್ನೆಳೆದು "ಇಲ್ಲಿ ಅಪ್ಪ ಅಂತ ಬರದೇನಿ" ಎನ್ನುವಾಗ ಅದರ ಮನಸ್ಸಿನಲ್ಲಿ ನಡೆಯುವದೂ ಇದೇ: ಚಿತ್ರಕ್ಕೆ ಹೇಳಲಾಗದ ಸಂಗತಿಯೊಂದುಂಟು, ಅದಕ್ಕಾಗಿ ಬೇರೊಂದು ಬಗೆಯ ಗೆರೆ ಬೇಕು.

ಆ ಬೇರೊಂದು ಬಗೆಯ ಗೆರೆಯನ್ನು ಮಗು ತಾನೇ ಕಲ್ಪಿಸಿಕೊಳ್ಳುತ್ತದೆ. ಸವಣೂರಿನ ಪರಿಚಿತರ ಮನೆಯಲ್ಲಿ, ವೀಳ್ಯದೆಲೆಯ ಪೆಂಡಿಗಳನ್ನು ಕಟ್ಟುವ ಹಿರಿಯರ ನಡುವೆ ಕುಳಿತು, ನಾಲ್ಕು ವರುಷದ ಹುಡುಗಿಯೊಬ್ಬಳು ಹಳೆಯ ರಸೀತಿಯ ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಸಾಲುಸಾಲಾಗಿ ಸುರುಳಿಗಳನ್ನು ಇಳಿಸುತ್ತಿದ್ದಳು. "ಏನ ಬರಿಯಾಕತ್ತೀಯವ್ವಾ ತಂಗೀ?" ಎಂದು ಕೇಳಿದೆ. "ಅಜ್ಜಗ ಪತ್ರ." "ಏನಂತ ಬರದೀ?" ಅವಳು ನನ್ನ ಮುಖವನ್ನು ಕನಿಕರದಿಂದ ನೋಡಿ, "ನನಗ ಬರಿಯಾಕಷ್ಟ ಬರತೈತಿ ಕಾಕಾ, ಓದಾಕ ಬರಂಗಿಲ್ಲ" ಎಂದಳು. ಈ ಉತ್ತರದಲ್ಲಿ ಶಿಕ್ಷಣಶಾಸ್ತ್ರದ ಒಂದು ದೊಡ್ಡ ಅಧ್ಯಾಯವೇ ಅಡಗಿದೆ. 1907ರಲ್ಲಿ ರೋಮ್ ನಗರದ ಬಡವರ ವಸತಿಯಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿ, ತನ್ನ ಮಕ್ಕಳು ಓದುವದಕ್ಕಿಂತ ಮೊದಲೇ ಬರೆಯತೊಡಗಿದುದನ್ನು ಕಂಡು ವಿಸ್ಮಯಪಟ್ಟಳು. ಇನ್ನೊಂದು ಸಂಗತಿಯನ್ನೂ ಆ ರಸೀತಿಯಲ್ಲಿ ಗಮನಿಸಿದೆ: ಹುಡುಗಿಯ ಸುರುಳಿಗಳು ದುಂಡಗಿದ್ದು, ಅಲ್ಲಲ್ಲಿ ತಲೆಕಟ್ಟಿನಂಥ ಕಿರುಗೆರೆಯನ್ನು ಹೊತ್ತಿದ್ದವು. ಒಂದಕ್ಷರವೂ ತಿಳಿಯದ ಅವಳು ಕನ್ನಡದ ಠೀವಿಯನ್ನು ಆಗಲೇ ತಿಳಿದಿದ್ದಳು. ಕ್ಯಾಲೆಂಡರಿನಿಂದಲೋ ಅಂಗಡಿಯ ಬೋರ್ಡಿನಿಂದಲೋ ಯಾರೂ ಕಲಿಸದೆ ಅದು ಅವಳ ಕೈಗೆ ಬಂದಿತ್ತು.

ಅಕ್ಷರಗಳ ಹೊಸ್ತಿಲಲ್ಲಿ ನಿಂತ ಮಕ್ಕಳು ತಮ್ಮದೇ ಆದ ಸಿದ್ಧಾಂತಗಳನ್ನೂ ಕಟ್ಟಿಕೊಂಡಿರುತ್ತಾರೆ. ದೊಡ್ಡ ವಸ್ತುವಿಗೆ ದೊಡ್ಡ ಹೆಸರು ಇರಬೇಕೆಂಬುದು ಅವುಗಳಲ್ಲಿ ಒಂದು. ಅರ್ಜೆಂಟೀನಾದ ಮನಶ್ಶಾಸ್ತ್ರಜ್ಞೆ ಎಮಿಲಿಯಾ ಫೆರೇರೊ ಮೊದಲಾದವರು ಇಂಥ ಸಿದ್ಧಾಂತಗಳನ್ನು ಬಹು ಗೌರವದಿಂದ ಅಭ್ಯಸಿಸಿದ್ದಾರೆ. ಆನಿಗೆ ಎರಡೇ ಅಕ್ಷರ, ಇರುವಿಗೆ ಮೂರು ಎಂದು ಅಕ್ಕೋರು ಹೇಳಿಕೊಟ್ಟಾಗ, ಅಂಕಲಿಪಿಯಲ್ಲಿ ಏನೋ ಅನ್ಯಾಯ ನಡೆದಿದೆಯೆಂದು ಮಗುವಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಅಕ್ಷರಗಳನ್ನು ತಿರುವುಮುರುವಾಗಿ, ಕನ್ನಡಿಯಲ್ಲಿ ಕಂಡಂತೆ, ಬರೆಯುವದೂ ಆರು ಏಳರವರೆಗೆ ಸಹಜವೇ. ಎತ್ತು ಎಡಕ್ಕೆ ಮೋರೆ ಮಾಡಿದರೂ ಎತ್ತು, ಬಲಕ್ಕೆ ಮಾಡಿದರೂ ಎತ್ತು. ಲೋಕದ ಸಮಸ್ತ ವಸ್ತುಗಳೂ ಹೀಗಿರುವಾಗ, ಅಕ್ಷರವೊಂದು ಮಾತ್ರ ಹೊರಳಿದ ಕೂಡಲೇ ತಪ್ಪಾಗುವದೇಕೆಂಬ ಮಗುವಿನ ಸಂಶಯವು ತರ್ಕಬದ್ಧವಾಗಿಯೇ ಇದೆ. ಅದಕ್ಕೆ ಬೆತ್ತದಿಂದ ಉತ್ತರ ಕೊಡುವದು ತರ್ಕವಲ್ಲ.

ಹಳೆಯ ಕಾಲದವರು ಈ ವಿಷಯದಲ್ಲಿ ನಮಗಿಂತ ಸಹನಶೀಲರಾಗಿದ್ದರೆಂದು ಹೇಳುವ ಧೈರ್ಯ ನನಗಿಲ್ಲ. ಗಾಂವಠಿ ಶಾಲೆಯ ಅಯ್ಯನವರ ಕೋದಂಡದ ಶಿಕ್ಷೆಯ ಕಥೆಗಳು ಇನ್ನೂ ಮರೆತುಹೋಗಿಲ್ಲ. ಆದರೆ ಅವರ ಸಾಧನಗಳು ಅವರಿಗಿಂತ ದಯಾಳುವಾಗಿದ್ದವು. ನೆಲದ ಮೇಲೆ ಮರಳು ಹರಡಿ, ಮಗುವಿನ ಬೆರಳು ಹಿಡಿದು, ದೊಡ್ಡದಾಗಿ ಒಂದಕ್ಷರವನ್ನು ಬರೆಯಿಸಿ ತಿದ್ದಿಸುತ್ತಿದ್ದರು. ಮರಳಿನಲ್ಲಿ ಬೆರಳಿಗೆ ಆಧಾರವುಂಟು, ಅಕ್ಷರದ ತಿರುವು ಚರ್ಮಕ್ಕೇ ತಿಳಿಯುತ್ತದೆ, ತಪ್ಪಿದರೆ ಅಂಗೈಯಾಡಿಸಿದ ಮಾತ್ರಕ್ಕೆ ಅಪರಾಧದ ಸಾಕ್ಷ್ಯವೇ ನಾಶವಾಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು, ದೇಶೀಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುವದನ್ನು ಕಂಡು, ತನ್ನ ಶಾಲೆಯಲ್ಲಿ ಅದನ್ನು ಬಳಕೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಇಂಗ್ಲಂಡಿಗೂ ಒಯ್ದನು. ಮಾಂಟೆಸ್ಸೊರಿಯು ಉಸುಕುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಲು ಹೇಳಿದುದರಲ್ಲಿಯೂ ಇದೇ ಸ್ಪರ್ಶದ ತತ್ತ್ವವಿದೆ. ಮರಳಿನ ತರುವಾಯ ನಮ್ಮಲ್ಲಿ ಪಾಟಿ ಬಂದಿತು. ಕೆಲಕಾಲ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿದ ಶಿಶುನಾಳದ ಷರೀಫರಿಂದ ಮೊದಲುಗೊಂಡು ಎಷ್ಟು ಜನ ಮಾಸ್ತರರು ಎಷ್ಟು ಅಡ್ಡಾದಿಡ್ಡಿ ಅಕ್ಷರಗಳನ್ನು ಕಂಡಿದ್ದರೋ, ಅವೆಲ್ಲ ಒಂದು ಹನಿ ಉಗುಳಿನಲ್ಲಿ ಅಳಿಸಿಹೋದುದರಿಂದ ಮುಂದೆ ದೊಡ್ಡ ಮನುಷ್ಯರಾದ ಯಾರ ಮಾನಕ್ಕೂ ಕುಂದು ಬರಲಿಲ್ಲ.

ಬೆರಳುಗಳ ಶಿಕ್ಷಣವಂತೂ ಶಾಲೆಯ ಹೊರಗೇ ನಡೆಯುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ತಿದ್ದಿ ಕಣ್ಣಿಗೆ ಜೋಳದ ಕಾಳು ಒತ್ತುವಾಗ, ಆಷಾಢದಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಸಿಂಗರಿಸುವಾಗ, ದೀಪಾವಳಿಗೆ ಸಗಣಿಯ ಪಾಂಡವರನ್ನು ಕೂಡ್ರಿಸುವಾಗ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಟ್ಟು ಹಿಡಿದು ಅಂಗಳದಲ್ಲಿ ಚುಕ್ಕೆಯಿಂದ ಚುಕ್ಕೆಗೆ ರಂಗೋಲಿಯ ಎಳೆ ಎಳೆಯುವಾಗ, ಮುಂದೆ ಲೇಖನಿ ಹಿಡಿಯಬೇಕಾದ ಬೆರಳುಗಳೇ ಅಲ್ಲಿ ಸಾಮು ಮಾಡುತ್ತಿದ್ದವು. ತಡವಾಗಿಯಾದರೂ ಶಾಲೆಯೂ ಈ ಬೆರಳುಗಳ ಕಡೆಗೆ ನೋಡಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ನಾಡಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯು ಅ ಆ ಇ ಈ ಎಂಬ ಪರಂಪರಾಗತ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂದು ಮೊದಲುಮಾಡಿದಾಗ ಹಿರಿಯರು ಹುಬ್ಬೇರಿಸಿದರು. ಆದರೆ ಆಕಾರದಲ್ಲಿ ಹತ್ತಿರದ ನಂಟರಾದ ಅಕ್ಷರಗಳನ್ನು ಒಟ್ಟಿಗೆ ತರುವ ಆ ಕ್ರಮವು ಮೂರನೆಯ ವರುಷದ ಸೊನ್ನೆಯನ್ನು ಬಲ್ಲ ಕೈಗೆ ಒಗ್ಗುವಂಥದು.

ಶಾಲೆಯು ಅಕ್ಷರದ ವಿಷಯದಲ್ಲಿ ತೋರಿದ ಈ ಔದಾರ್ಯವನ್ನು ಚಿತ್ರದ ವಿಷಯದಲ್ಲಿ ತೋರಲಿಲ್ಲವೆಂಬುದೇ ಖೇದ. ಯಾವ ಶಾಲೆಗಾದರೂ ಹೋಗಿ ಚಿತ್ರ ಬರೆಯಿರೆಂದರೆ ಎರಡು ತ್ರಿಕೋನ ಗುಡ್ಡ, ನಡುವೆ ಮೂಡುವ ಸೂರ್ಯ, ಗುಡ್ಡದಿಂದಿಳಿಯುವ ಹೊಳೆ, ದಂಡೆಗೆ ಒಂದು ಗುಡಿಸಲು, ಒಂದು ತೆಂಗಿನಮರ. ಸವಣೂರಿನ ಬಯಲಿನಲ್ಲಿ ಬೆಳೆದ ಹುಡುಗನು ಇಂಥ ಅವಳಿ ಗುಡ್ಡಗಳನ್ನು ಎಲ್ಲಿ ಕಂಡನು? ಅವನು ಕಂಡಿರುವದು ದೊಡ್ಡಹುಣಸೆಯ ಮಠದ ಆವರಣದಲ್ಲಿ ನಿಂತ, ಆಫ್ರಿಕಾ ಖಂಡದ ಮೂಲದ ದೊಡ್ಡಹುಣಸೆಯ ಮಹಾವೃಕ್ಷಗಳನ್ನು. ಹತ್ತಾರು ಜನ ಕೈಕೈ ಹಿಡಿದು ನಿಂತರೆ ಮಾತ್ರ ತಬ್ಬಬಹುದಾದ ಬೊಡ್ಡೆ, ಅದರ ನೆತ್ತಿಯಲ್ಲಿ ಅದಕ್ಕೆ ಸಲ್ಲದ ಪುಟ್ಟ ಪುಟ್ಟ ಕೊಂಬೆ: ನಾಲ್ಕು ವರುಷದ ಕೂಸು ಯಾವ ಮರವನ್ನು ಬರೆದರೂ ಹೀಗೆಯೇ ಬರೆಯುತ್ತದೆ. ಪ್ರಕೃತಿಯೇ ಒಮ್ಮೆ ಮಕ್ಕಳ ಪಕ್ಷ ವಹಿಸಿದ ಇಂಥ ಊರಿನಲ್ಲಿ ಕೂಡ, ಕಾಣದ ತೆಂಗಿನಮರವನ್ನು ಫಲಕದಿಂದ ನಕಲು ಮಾಡಿಸುತ್ತಾರೆ. ಈ ನಕಲು ಅಭ್ಯಾಸವಾದ ಮೇಲೆ ಮಗು ಗೋಡೆಯನ್ನು ಕೆಡಿಸುವದಿಲ್ಲ. ಹೇಳುವದಕ್ಕೆ ಅದರ ಬಳಿ ಏನೂ ಉಳಿದಿರುವದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಖರ್ಚಿನ ಕೆಲಸವೇನೂ ಇಲ್ಲ. ಅಳಿಸಿಹೋಗುವಂಥ ಜಾಗವನ್ನು ಧಾರಾಳವಾಗಿ ಕೊಡಬೇಕು: ಒಂದು ಪಾಟಿ, ಒಂದು ತಾಟು ಮರಳು, ಸುಣ್ಣ ಬಳಿಯುವ ಹಬ್ಬದವರೆಗೆ ಹಿತ್ತಲ ಗೋಡೆಯ ಕೆಳಭಾಗ. "ಏನಿದು?" ಎಂದು ಪಂಚನಾಮೆ ಮಾಡುವ ಧ್ವನಿಯಲ್ಲಿ ಕೇಳದೆ, "ಇದರ ಕಥಿ ಹೇಳವಾ" ಎಂದು ಪಕ್ಕದಲ್ಲಿ ಕುಳಿತು, ಅದು ಹೇಳಿದ ಮಾತನ್ನು ಅದರ ಕಣ್ಣೆದುರಿಗೇ ಚಿತ್ರದ ಕೆಳಗೆ ಬರೆದು ತೋರಿಸಬೇಕು, ಅಬಲೂರಿನ ಶಿಲ್ಪಿಯ ಉಪಾಯ ಇಂದಿಗೂ ಹಳತಾಗಿಲ್ಲ. ತನ್ನ ಬಾಯಿಂದ ಹೊರಟ ಮಾತೇ ಕಾಗದದ ಮೇಲೆ ಕುಳಿತಿದೆಯೆಂದು ಕಂಡ ಮಗುವಿಗೆ ಅಕ್ಷರ ಏತಕ್ಕೆ ಕಲಿಯಬೇಕೆಂಬ ಪ್ರಶ್ನೆಯೇ ಏಳುವದಿಲ್ಲ. ಮುತ್ತಿನಂಥ ಅಕ್ಷರವು ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಏಳನೆಯ ವರುಷದಲ್ಲಿ ಕಲಿಸಬಹುದು, ಹದಿನೇಳರಲ್ಲಿಯೂ ಕಲಿಸಬಹುದು, ಮನಸ್ಸಿದ್ದವರು ನಿವೃತ್ತರಾದ ಮೇಲೂ ಕಲಿಯಬಹುದು. ಬರೆಯಬೇಕೆಂಬ ಹಸಿವು ಹಾಗಲ್ಲ. ನಾಲ್ಕರಲ್ಲಿ ಅದನ್ನು ಗದರಿಸಿ ಕೊಂದವರು ಹತ್ತರಲ್ಲಿ ಟ್ಯೂಶನ್ನಿನ ಮಾಸ್ತರರನ್ನು ಗೊತ್ತುಮಾಡಿ ಅದನ್ನು ಮರಳಿ ಹುಟ್ಟಿಸಲಾರರು, ಎಷ್ಟು ಫೀಸು ಕೊಟ್ಟರೂ.